ನೂರ ಮೂವತ್ತು ದಿನದ ಪ್ರಭಾರ

ಜುಲೈ ೧೪, ಸೋಮವಾರ

ಈ ದಿನಚರಿ ಇಂದಿನಿಂದ ಜಾರಿಗೆ ಬರುತ್ತದೆ. ಬರೆಯುವವನ ವಿವರ: ಶಾಮಿದ್‌ಸಾಬ ನದಾಫ, ನಿವೃತ್ತ ಪ್ರಥಮ ದರ್ಜೆ ಸಹಾಯಕ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕು ಕಚೇರಿಗಳಲ್ಲಿ ಒಟ್ಟು ಮೂವತ್ತನಾಲ್ಕು ವರ್ಷ ಸೇವೆ. ಸದ್ಯ ಊರಿನ ಮಸೀದಿ ಕಮಿಟಿಯ ಕಾರ್ಯದರ್ಶಿ.

ಮಗ ಫಾರೂಕ ತೀರಿಕೊಂಡು ನಾಲ್ಕು ದಿನವಾಯಿತು. ಗುರುವಾರ ಸಂಜೆ ಗಂಗಾವತಿಯ ರೈಸ್‌ಮಿಲ್ಲೊಂದರಲ್ಲಿ ವೈರಿಂಗ್ ಕೆಲಸ ಮುಗಿಸಿ ಬರುವಾಗ, ಮರಳಿ ಎಂಬ ಊರು ದಾಟಿದ ಮೇಲೆ ಬೈಕು ಜಾರಿತು. ಮೂವತ್ತೊಂದು ವರ್ಷ.

ಸತ್ತವನ ಹೆಂಡತಿಯನ್ನು ಬಿಟ್ಟು ಬೇರೆ ಯಾರೂ ಮೂರು ದಿನಕ್ಕಿಂತ ಹೆಚ್ಚು ದುಃಖ ಆಚರಿಸುವಂತಿಲ್ಲ ಎಂಬುದು ನಿಯಮ. ನನ್ನ ಅವಧಿ ನಿನ್ನೆ ಸಂಜೆಗೆ ಮುಗಿಯಿತು. ಇವತ್ತು ಬೆಳಿಗ್ಗೆ ಗಡ್ಡ ಸರಿಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಕಮಿಟಿಯ ಕಡತಗಳನ್ನು ನೋಡಿದೆ. ಹೆಂಡತಿ ಪೀರಾಂಬಿ ಇನ್ನೂ ಅಳುತ್ತಿದ್ದಾಳೆ. ಅವಧಿ ಮೀರಿದೆ ಎಂದು ತಿಳಿಸಿದೆ. ಕೈಯಲ್ಲಿದ್ದ ಲೋಟ ಎಸೆದಳು.

ಸೊಸೆ ಬಾನುಬೀಯದು ಬೇರೆ ಪ್ರಕರಣ. ಗಂಡ ಸತ್ತವಳಿಗೆ ಇದ್ದತ್ತು ಇದೆ: ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯಲ್ಲೇ ಇರಬೇಕು, ಸಿಂಗಾರ ಮಾಡಿಕೊಳ್ಳಬಾರದು, ಮರುಮದುವೆಯ ಮಾತು ಎತ್ತಬಾರದು. ತಿಂಗಳಿಗೆ ಮೂವತ್ತರಂತೆ ನೂರ ಮೂವತ್ತು ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರ್ ೧೭ಕ್ಕೆ ಕೆಂಪು ಮಸಿಯಲ್ಲಿ ಗುರುತು ಹಾಕಿದೆ. ಕೆಲಸ ಅಚ್ಚುಕಟ್ಟಾಯಿತು.

ಜುಲೈ ೧೭, ಗುರುವಾರ

ಬಾನುಬೀ ನಮ್ಮೂರಿನ ಆಶಾ ಕಾರ್ಯಕರ್ತೆ. ಆರು ವರ್ಷವಾಯಿತು. ಬಸುರಿಯರ ಪಟ್ಟಿ, ಕೂಸುಗಳ ಲಸಿಕೆ, ಕಬ್ಬಿಣಾಂಶದ ಮಾತ್ರೆ, ಎಲ್ಲ ಅವಳದೇ. ಬೆಳಿಗ್ಗೆ ಬಾಗಿಲ ಹಿಂದೆ ನಿಂತು ಕೇಳಿದಳು.

"ಮಾವಾರ, ಹಗಲೊತ್ತು ಒಂದೆರಡು ತಾಸು ಹೋಗಿ ಬರಬೌದೇನ್ರಿ? ನಾಕು ಮಂದಿಗೆ ದಿನ ಹತ್ತರ ಬಂದಾವ."

ನೋಡಿ ಹೇಳುತ್ತೇನೆ ಎಂದೆ. ಬಾಯಿಮಾತಿನಲ್ಲಿ ಉತ್ತರ ಕೊಟ್ಟು ಸಿಕ್ಕಿಹಾಕಿಕೊಂಡವನು ನಾನಲ್ಲ. ಕೊಪ್ಪಳದಲ್ಲಿ ಕೊಂಡ ಕನ್ನಡದ ಫಿಕ್ಹ್ ಪುಸ್ತಕವೊಂದಿದೆ. ಫಿಕ್ಹ್ ಎಂದರೆ ನಮ್ಮ ಧರ್ಮದ ಕಾನೂನು. ಸರ್ಕಾರಕ್ಕೆ ಸೇವಾ ನಿಯಮಾವಳಿ ಇದ್ದ ಹಾಗೆ. ನಾವು ನದಾಫರು, ಮನೆಯಲ್ಲಿ ಕನ್ನಡ ಆಡುವವರು, ಉರ್ದು ಬಾರದವರು ಎಂದು ಕಮಿಟಿಯ ಕೆಲವರಿಗೆ ಒಳಗೊಳಗೇ ತಾತ್ಸಾರ. ಆದ್ದರಿಂದ ಪುಸ್ತಕವನ್ನು ಅವರಿಗಿಂತ ಬಿಗಿಯಾಗಿ ಹಿಡಿದಿದ್ದೇನೆ.

ಪುಟ ಸಿಕ್ಕಿತು. "ಇದ್ದತ್ತಿನಲ್ಲಿರುವವಳು ಮನೆಯಿಂದ ಹೊರಹೋಗಬಾರದು." ಸ್ಪಷ್ಟ. ಮುಂದಿನ ಪುಟ "ಆದರೆ" ಎಂದು ಶುರುವಾಗಿತ್ತು. ಸೇವೆಯಲ್ಲಿದ್ದಷ್ಟು ದಿನ "ಆದರೆ" ಎಂದು ಶುರುವಾಗುವ ಪುಟವನ್ನು ನಾನು ಓದಿದ್ದಿಲ್ಲ. ಅದು ವಶೀಲಿ ಇದ್ದವರಿಗಾಗಿ ಬರೆದಿರುತ್ತಾರೆ. ಪುಸ್ತಕ ಮುಚ್ಚಿದೆ.

"ಅವಕಾಶ ಇಲ್ಲವ್ವ," ಎಂದೆ.

"ಹೌದೇನ್ರಿ," ಎಂದು ಒಳಗೆ ಹೋದಳು. ವಾದ ಮಾಡಲಿಲ್ಲ. ಒಳ್ಳೆ ಹುಡುಗಿ.

ಮಸೀದಿಯ ಬೋರ್ಡಿನ ಮೇಲೆ ನಿಯಮವನ್ನು ಸುಣ್ಣದ ಕಡ್ಡಿಯಲ್ಲಿ ಬರೆದೆ. ಅಧ್ಯಕ್ಷ ಗೌಸ್ ಹಾಜಿ ಓದಿ ಬೆನ್ನು ತಟ್ಟಿದರು. "ಶಾಮಿದ್‌ಸಾಬ್ರ, ಮನ್ಯಾಗಿನ ಮಂದೀಗೇ ಕಾನೂನು ಹಾಕೀರಿ ನೋಡ್ರಿ. ಇದು ಗಂಡಸ್ತನ."

ಜುಲೈ ೨೪, ಗುರುವಾರ

ಉಪಕೇಂದ್ರದ ನರ್ಸ್ ವಿರೂಪಾಕ್ಷಮ್ಮ ಮನೆಗೆ ಬಂದಿದ್ದಳು. ಬಾನುಬೀಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸಾಹೇಬ್ರ, ಒಂದ ತಿಂಗಳಾದ್ರ ನಾನ ಹೆಂಗರ ತೂಗಿಸ್ತಿದ್ದೆ. ನಾಕು ತಿಂಗಳು ಅಂದ್ರ ಮ್ಯಾಲಿನವ್ರು ಬ್ಯಾರೆಯವ್ರನ್ನ ತಗೋರಿ ಅಂತಾರ. ಈಕಿಗೆ ಇನ್ನ ಇದ್ದದ್ದು ಇದೊಂದ ಐತಿ."

ಬಾನುಬೀ ನೆಲ ನೋಡುತ್ತಿದ್ದಳು. ಈ ಕೆಲಸ ಹೋದರೆ ಅವಳಿಗೆ ಈ ಊರಿನಲ್ಲಿ ಇರಲು ಕಾರಣವಿಲ್ಲ. ಮಕ್ಕಳಿಲ್ಲ. ಕನಕಗಿರಿಯ ತವರಿಗೆ ಹೋಗಿ ಅಣ್ಣನ ಮನೆಯಲ್ಲಿ ಹಿಟ್ಟು ನಾದುತ್ತ ಕೂಡಬೇಕು. ಅದು ನನಗೂ ಸರಿಬರಲಿಲ್ಲ.

ಹುದ್ದೆ ಖಾಲಿಯಾದಾಗ ಕಚೇರಿಯಲ್ಲಿ ಏನು ಮಾಡುತ್ತೇವೆ? ಪ್ರಭಾರ ವಹಿಸುತ್ತೇವೆ. ಯಲಬುರ್ಗಾದಲ್ಲಿ ಒಮ್ಮೆ ನಾನು ಒಟ್ಟಿಗೆ ಮೂರು ಟೇಬಲ್ಲು ನೋಡಿಕೊಂಡವನು.

"ಬಾನುಬೀ ವಾಪಸ್ ಬರೋ ತನಕ ನಾನ ಪ್ರಭಾರ ಇರ್ತೀನಿ," ಎಂದೆ.

ವಿರೂಪಾಕ್ಷಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. ಒಳಗಿನಿಂದ ಪೀರಾಂಬಿ ನಕ್ಕ ಸದ್ದು ಕೇಳಿತು. ಎರಡು ವಾರದಲ್ಲಿ ಅವಳು ನಕ್ಕದ್ದು ಇದೇ ಮೊದಲು. ಕಾರಣ ತಿಳಿಯಲಿಲ್ಲ.

ಜುಲೈ ೨೮, ಸೋಮವಾರ

ಪ್ರಭಾರದ ಮೊದಲ ದಿನ. ಬಾನುಬೀಯ ಚೀಲ, ರಿಜಿಸ್ಟರು, ಕೂಸು ತೂಗುವ ತಕ್ಕಡಿ, ನನ್ನ ಕೊಡೆ.

ಹಂಪವ್ವನ ಮನೆಗೆ ಮೊದಲು ಹೋದೆ. ಅವಳ ಸೊಸೆ ರಂಜಿತಾಗೆ ಚೊಚ್ಚಲು, ಏಳನೆಯ ತಿಂಗಳು. ರಿಜಿಸ್ಟರಿನ ನಾಲ್ಕನೆಯ ಕಾಲಮಿನಲ್ಲಿ ಹೆಂಗಸು ಕಡೆಯ ಸಲ ಹೊರಗಾದ ದಿನಾಂಕ ಬೇಕು. ಅದು ಖಾಲಿ ಇತ್ತು. ಖಾಲಿ ಕಾಲಂ ನೋಡಿದರೆ ನನಗೆ ಮೈ ಉರಿಯುತ್ತದೆ.

"ಹಂಪವ್ವ, ನಿನ್ನ ಸೊಸಿದು ಕಡೇ ಸಲದ್ದು... ಅದು... ಯಾವ ತಾರೀಖು?"

"ಯಾವುದ್ರಿ ಸಾಹೇಬ್ರ? ಕಂದಾಯ ಕಟ್ಟಿದ್ದಾ?"

"ಅಲ್ಲ. ಇದು ಹೆಣ್ಮಕ್ಕಳದು."

"ಹೆಣ್ಮಕ್ಕಳು ಕಂದಾಯ ಯಾಕ ಕಟ್ಟತಾರ್ರೀ?"

ರಂಜಿತಾ ಒಳಗೆ ಓಡಿದಳು. ನಾನು ಕಾಲಮಿನಲ್ಲಿ "ಮಾಹಿತಿ ನಿರೀಕ್ಷಿಸಲಾಗಿದೆ" ಎಂದು ಬರೆದು ಹೊರಬಿದ್ದೆ. ಒಟ್ಟು ಹನ್ನೊಂದು ಮನೆ. ಹನ್ನೊಂದು ಕಡೆಯೂ ನಿರೀಕ್ಷಿಸಲಾಗಿದೆ.

ಸಂಜೆ ಬಾನುಬೀ ರಿಜಿಸ್ಟರು ನೋಡಿ, ಹನ್ನೊಂದೂ ದಿನಾಂಕವನ್ನು ನೆನಪಿನಿಂದ ಬರೆದಳು.

ಆಗಸ್ಟ್ ೬, ಬುಧವಾರ

ಕಾಲುವೆಗೆ ನೀರು ಬಿಟ್ಟಿದ್ದಾರೆ, ಹೆಂಗಸರೆಲ್ಲ ನಾಟಿಗೆ ಹೋಗುತ್ತಾರೆ. ಗದ್ದೆಯ ಬದುವಿನ ಮೇಲೆ ನಿಂತು ಮಾತ್ರೆ ಕೊಟ್ಟೆ. ಕಾಲು ಜಾರಿ ಕೆಸರಿಗೆ ಬಿದ್ದೆ. ಲಸಿಕೆಗೆ ಬಂದ ಒಂದು ಕೂಸು ನನ್ನ ಇಸ್ತ್ರಿ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಅದರ ತೂಕ ಆರು ಕಿಲೋ ನಾನೂರು. ಹೋದ ತಿಂಗಳಿಗಿಂತ ಆರುನೂರು ಗ್ರಾಂ ಹೆಚ್ಚು. ಮನೆಗೆ ಬಂದು ಹೇಳಿದಾಗ ಬಾನುಬೀಯ ಮುಖ ಅರಳಿತು. ನನಗೂ ಏಕೋ ಸಂತೋಷವಾಯಿತು.

ಆಗಸ್ಟ್ ೧೪, ಗುರುವಾರ

ಬೋರ್ಡಿನ ನಿಯಮಕ್ಕೆ ಸಕ್ಷಮ ಪ್ರಾಧಿಕಾರದ ಮುದ್ರೆ ಇರಲಿ ಎಂದು ಗಂಗಾವತಿಗೆ ಹೋದೆ. ಅಲ್ಲಿ ಒಬ್ಬರು ವಯಸ್ಸಾದ ಮುಫ್ತಿ ಇದ್ದಾರೆ. ಧರ್ಮದ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುವುದೇ ಅವರ ಕೆಲಸ. ದಮ್ಮಿನ ರೋಗ, ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

ಅರ್ಜಿ ಕೊಟ್ಟೆ. ವಿಷಯ: ಇದ್ದತ್ತಿನಲ್ಲಿರುವವಳು ಹೊರಹೋಗುವ ಕುರಿತು. ಉಲ್ಲೇಖ: ಪುಸ್ತಕದ ಪುಟ. ಮಾನ್ಯರೇ, ಹೋಗಬಹುದೇ ಅಥವಾ ಹೋಗಬಾರದೇ ಎಂಬುದನ್ನು ದೃಢೀಕರಿಸಲು ಕೋರಿದೆ.

ಓದಿ, ಕನ್ನಡಕ ತೆಗೆದು ಕೇಳಿದರು. "ಯಾರ ಆಕಿ? ಎಲ್ಲಿಗೆ ಹೋಗಬೇಕಾಗೈತಿ? ಹಗಲೋ ರಾತ್ರಿಯೋ?"

"ಅದೆಲ್ಲ ಯಾಕ್ರಿ? ನಿಯಮ ಏನೈತಿ ಹೇಳ್ರಿ ಸಾಕು."

"ಇದು ಅರ್ಧ ಪ್ರಶ್ನಿ. ಅರ್ಧ ಪ್ರಶ್ನಿಗೆ ಪೂರಾ ಉತ್ತರ ಕೊಡಾಕ ನನಗ ಬರಂಗಿಲ್ಲ," ಎಂದರು.

ಮೂವತ್ತನಾಲ್ಕು ವರ್ಷ ನಾನು ಅರ್ಧ ಅರ್ಜಿಗೆ ಪೂರಾ ಹಿಂಬರಹ ಕೊಟ್ಟವನು. ಸಿಟ್ಟು ಬಂತು. "ಕಾನೂನು ಅಂದ ಮ್ಯಾಲ ಎಲ್ಲಾರಿಗೂ ಒಂದ ಇರಬೇಕಲ್ರಿ?"

"ನೀವು ಕಾಲುವಿ ಸೀಮೆಯವ್ರು, ನಿಮಗ ಹೇಳೋದು ಸಸಾರ," ಎಂದು ಉಸಿರು ತೆಗೆದುಕೊಂಡರು. "ಶರಿಯತ್ತು ಅಂದ್ರ ಡ್ಯಾಮಿನ ನೀರು. ಅದು ಅಲ್ಲಾಂದು. ಆ ನೀರು ಯಾವ ಹೊಲಕ್ಕ ಎಷ್ಟು, ಯಾವಾಗ ಬಿಡಬೇಕು ಅಂತ ತೂಬಿನ ಮುಂದ ನಿಂತು ಒಬ್ಬ ಮನಷ್ಯಾ ವಿಚಾರ ಮಾಡತಾನಲ್ಲ, ಅದು ಫಿಕ್ಹ್. ಆ ಶಬ್ದದ ಅರ್ಥ ಕಾನೂನು ಅಲ್ರಿ. ತಿಳಿವಳಿಕಿ. ನೀರು ತಪ್ಪಂಗಿಲ್ಲ. ತಿಳಿವಳಿಕಿ ಮನಷ್ಯಾಂದು, ತಪ್ಪಬೌದು. ಅದಕ್ಕ ನಾವು ಹೊಲ ನೋಡದ ತೂಬು ಎತ್ತಂಗಿಲ್ಲ."

ಹಿಂದೆ ಅವರು ಕೊಟ್ಟ ಉತ್ತರಗಳ ಕಟ್ಟು ತೋರಿಸಿದರು. ಪ್ರತಿಯೊಂದರ ಕೊನೆಗೂ ಸಹಿಯ ಮೇಲೆ "ಸರಿಯಾದದ್ದು ಅಲ್ಲಾನಿಗೇ ಗೊತ್ತು" ಎಂದು ಬರೆದಿದ್ದಾರೆ. ಆದೇಶ ಹೊರಡಿಸಿ, ಅದರ ಕೆಳಗೇ ತನಗೆ ಪೂರ್ತಿ ಗೊತ್ತಿಲ್ಲ ಎಂದು ಸಹಿ ಮಾಡುವ ಅಧಿಕಾರಿ! ಇಂಥವರನ್ನು ತಾಲೂಕು ಕಚೇರಿಯಲ್ಲಿ ಒಂದು ವಾರ ಇಟ್ಟುಕೊಳ್ಳುತ್ತಿರಲಿಲ್ಲ.

ಮುದ್ರೆ ಸಿಗಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಬಂದೆ.

ಆಗಸ್ಟ್ ೨೦, ಬುಧವಾರ

ಗೌಸ್ ಹಾಜಿ ನಮಾಜಿನ ನಂತರ ಮಸೀದಿಯ ಮೂಲೆಗೆ ಕರೆದರು. ಅವರ ಸೊಸೆಗೂ ಐದನೆಯ ತಿಂಗಳು. ಎರಡು ದಿನದಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದೆಯಂತೆ.

"ಬಾನುಬೀನ ಒಂದು ಗಳಿಗಿ ಕಳಸ್ರಿ. ಹಿತ್ತಲ ಬಾಗಲಿಂದ ಬರಲಿ. ನಿಮ್ಮ ಗ್ವಾಡಿ ನಮ್ಮ ಗ್ವಾಡಿ ಕೂಡ್ಯಾವ. ಹಂಗ ನೋಡಿದ್ರ ಆಕಿ ಹೊರಗ ಹೋದಂಗ ಆಗಂಗೇ ಇಲ್ಲ."

ವಿಚಾರ ಮಾಡಿದೆ. ಒಂದು ವಿಷಯದ ನಿಯಮವನ್ನು ಅದರಂಥದೇ ಇನ್ನೊಂದಕ್ಕೆ ಹೊಂದಿಸಿ ತೀರ್ಪು ಹೇಳಬಹುದು, ಅದಕ್ಕೆ ಕಿಯಾಸ್ ಎನ್ನುತ್ತಾರೆ ಎಂದು ಪುಸ್ತಕದಲ್ಲಿದೆ. ಗೋಡೆ ಕೂಡಿದ ಎರಡು ಮನೆ, ಒಂದೇ ಮನೆಯ ಎರಡು ಕೋಣೆಯ ಹಾಗೆ. ತರ್ಕ ಸರಿಹೋಯಿತು. ಬಾನುಬೀ ಹೋಗಿ ನೋಡಿ ಹತ್ತು ನಿಮಿಷದಲ್ಲಿ ಬಂದಳು. ಗ್ಯಾಸಂತೆ.

"ಮಾವಾರ, ಹಂಪವ್ವನ ಮನಿಗೆ ಯಾವ ಗ್ವಾಡಿನೂ ಕೂಡಿಲ್ಲೇನ್ರಿ?" ಎಂದು ಕೇಳಿದಳು.

ನಡುವೆ ಒಂದು ಓಣಿ, ಎರಡು ದನದ ಕೊಟ್ಟಿಗೆ ಇವೆ ಎಂದು ವಿವರಿಸಿದೆ.

ಆಗಸ್ಟ್ ೨೮, ಗುರುವಾರ

ಏಳು ಮನೆ. ರಿಜಿಸ್ಟರು ಈಗ ನೋಡಲು ಚೆಂದ. "ಇತರೆ" ಎಂಬ ಕಾಲಮಿನಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುತ್ತಿದ್ದೇನೆ. ರಂಜಿತಾ: ಎಂಟನೆಯ ತಿಂಗಳು. ಮೈ ಕೈ ತುಂಬಿಕೊಂಡು ಗುಂಡಗಿದ್ದಾಳೆ. ಗಂಡನ ಚಪ್ಪಲಿ ಹಾಕಿಕೊಂಡು ಓಡಾಡುತ್ತಾಳೆ, ಅವಳದು ಹಿಡಿಯುವುದಿಲ್ಲ. ಏನಾದರೂ ತೊಂದರೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದಳು. ತೃಪ್ತಿಕರ.

ಬಾನುಬೀಗೆ ಎರಡು ದಿನದಿಂದ ಜ್ವರ. ರಿಜಿಸ್ಟರು ನೋಡಲಿಲ್ಲ.

ಸೆಪ್ಟೆಂಬರ್ ೨, ಮಂಗಳವಾರ

ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಜ್ವರ ಬಿಟ್ಟ ಬಾನುಬೀ ರಿಜಿಸ್ಟರು ತೆಗೆದಳು. ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ.

"ಮಾವಾರ, ರಂಜಿತಾನ ಚಪ್ಪಲಿ ವಿಷಯ ಬರದೀರಲ್ಲ, ಯಾವತ್ತು ನೋಡಿದ್ರಿ?"

"ಗುರುವಾರ."

"ಮಾರಿ ಹೆಂಗಿತ್ತು?"

"ಛಲೋ ಊದಿ ತುಂಬಿಕೊಂಡಿತ್ತು. ಬಾಣಂತನಕ್ಕ ಮೈ ಬೇಕಲ್ಲ."

ಅವಳು ರಿಜಿಸ್ಟರು ಅಲ್ಲೇ ಬಿಟ್ಟು ಎದ್ದಳು. ಬುರ್ಖಾ ಎಳೆದುಕೊಂಡು, ಬಿ.ಪಿ. ನೋಡುವ ಯಂತ್ರ ಹಿಡಿದು ಅಂಗಳಕ್ಕೆ ಇಳಿದಳು. ನಾನು ಬಾಗಿಲಲ್ಲಿ ಅಡ್ಡ ನಿಂತೆ.

"ಬಾನುಬೀ! ಇವತ್ತಿನ್ನ ಐವತ್ತನಾಕನೇ ದಿನ!"

"ಹೌದ್ರಿ," ಎಂದು ನನ್ನ ತೋಳಿನ ಕೆಳಗೆ ಬಗ್ಗಿ ಹೋಗಿಯೇ ಬಿಟ್ಟಳು.

ನಿಯಮ ಉಲ್ಲಂಘನೆಗೆ ಸಾಕ್ಷಿ ಬೇಕಲ್ಲ ಎಂದು ಹತ್ತು ಹೆಜ್ಜೆ ಹಿಂದೆ ನಾನೂ ಹೋದೆ. ಹಾಗೆಂದುಕೊಂಡೇ ಹೋದೆ.

ರಂಜಿತಾ ಗೋಡೆಗೆ ಒರಗಿ ಕೂತಿದ್ದಳು. ಒಂದು ವಾರದಿಂದ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು. ಮುದುಕ ಗಂಡಸಿನ ಮುಂದೆ ಹೇಗೆ ಹೇಳುವುದು ಎಂದು ಹೇಳಿರಲಿಲ್ಲ. ಬಿ.ಪಿ. ನೂರ ಎಂಬತ್ತು. ಬಾನುಬೀ ನನ್ನ ಕಡೆ ತಿರುಗಿ, "ನೂರಾ ಎಂಟಕ್ಕ ಫೋನ್ ಹಚ್ರಿ!" ಎಂದು ಕೂಗಿದಳು. ಸೊಸೆಯೊಬ್ಬಳು ನನಗೆ ಆಜ್ಞೆ ಮಾಡಿದ್ದು ಮೊದಲ ಸಲ. ಹಚ್ಚಿದೆ.

ಆಂಬುಲೆನ್ಸಿನಲ್ಲಿ ಹಂಪವ್ವನೂ ನಾನೂ ಎದುರುಬದುರು ಕೂತೆವು. ಗಂಗಾವತಿ ಹತ್ತಿರವಾದಾಗ ರಂಜಿತಾಗೆ ಫಿಟ್ಸ್ ಬಂತು. ಬಾನುಬೀ ಅವಳನ್ನು ಮಗ್ಗುಲಿಗೆ ಹೊರಳಿಸಿ, "ಏನಾಗಂಗಿಲ್ಲ, ಏನಾಗಂಗಿಲ್ಲ" ಎನ್ನುತ್ತ ಹಿಡಿದುಕೊಂಡಿದ್ದಳು. ರಂಜಿತಾಳ ಊದಿದ ಕಾಲುಗಳನ್ನು ನಾನು ಹಿಡಿದಿದ್ದೆ. ಬೆರಳು ಒತ್ತಿದಲ್ಲಿ ಗುಣಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಗುರುವಾರ ಇದನ್ನು ನೋಡಿ ನಾನು ತೃಪ್ತಿಕರ ಎಂದು ಬರೆದಿದ್ದೆ.

ಮಧ್ಯಾಹ್ನ ಮೂರಕ್ಕೆ ಆಪರೇಷನ್ ಮಾಡಿ ಕೂಸು ತೆಗೆದರು. ಹೆಣ್ಣು, ಒಂದು ಕಿಲೋ ಒಂಬೈನೂರು. ತಾಯಿಯೂ ಉಳಿದಳು. ಇನ್ನು ಎರಡು ತಾಸು ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಹೇಳಿದ್ದು ನನಗೇ, ಪ್ರಭಾರ ಯಾರು ಎಂದು ಕೇಳಿದಾಗ ಕೈ ಎತ್ತಿದ್ದೆನಲ್ಲ.

ಹೊತ್ತು ಮುಳುಗುವುದರೊಳಗೆ ಬಾನುಬೀ ಮನೆ ಸೇರಿದಳು.

ಸೆಪ್ಟೆಂಬರ್ ೩, ಬುಧವಾರ

ಕಮಿಟಿಯ ತುರ್ತು ಸಭೆ ಭಾನುವಾರಕ್ಕೆ. ವಿಷಯ: ಇದ್ದತ್ತಿನ ನಿಯಮ ಮುರಿದದ್ದು. ಸಭೆಯ ನೋಟಿಸು ಬರೆಯುವುದು ಕಾರ್ಯದರ್ಶಿಯ ಕೆಲಸ. ಬರೆದು, ನನಗೆ ನಾನೇ ಜಾರಿ ಮಾಡಿ, ಸ್ವೀಕೃತಿ ಸಹಿ ಹಾಕಿಕೊಂಡೆ.

ಪೀರಾಂಬಿ ಉಣ್ಣಲು ಕರೆಯಲಿಲ್ಲ.

ಸೆಪ್ಟೆಂಬರ್ ೬, ಶನಿವಾರ

ಗಂಗಾವತಿಗೆ ಹೋಗಿ ಮುಫ್ತಿಯವರ ಮುಂದೆ ಕೂತೆ. ಅರ್ಜಿ ಒಯ್ದಿರಲಿಲ್ಲ. ಮೊದಲಿನಿಂದ ಹೇಳಿದೆ: ಫಾರೂಕ, ಬಾನುಬೀಯ ಕೆಲಸ, ಮುಚ್ಚಿದ ಪುಟ, ಹಾಜಿಯವರ ಹಿತ್ತಲ ಬಾಗಿಲು, ಚಪ್ಪಲಿ. ಒಂದು ತಾಸು ಹಿಡಿಯಿತು. ನಡುವೆ ಅವರು ಒಮ್ಮೆಯೂ ತಡೆಯಲಿಲ್ಲ.

"ಈಗ ಪ್ರಶ್ನಿ ಪೂರಾ ಆತು," ಎಂದು ಕಾಗದ ತೆಗೆದುಕೊಂಡರು.

ಅವರು ಬರೆದದ್ದರ ಸಾರ: ಗಂಡ ಸತ್ತವಳು ಅಗತ್ಯವಿದ್ದರೆ ಹಗಲಲ್ಲಿ ಹೊರಗೆ ಹೋಗಿ ರಾತ್ರಿಗೆ ಮನೆ ಸೇರಬಹುದು, ಇದು ಹೊಸದೇನಲ್ಲ, ಸಾವಿರ ವರ್ಷದಿಂದ ಹೇಳಿಕೊಂಡು ಬಂದದ್ದು. ಅವಳ ಕೆಲಸ ಅಗತ್ಯವೇ. ಒಂದು ಜೀವ ಉಳಿಸುವುದಂತೂ ಅಗತ್ಯಕ್ಕಿಂತ ದೊಡ್ಡದು. ಹೊರಗೆ ಹೋದದ್ದರಿಂದ ಎಣಿಕೆ ಮುರಿಯುವುದಿಲ್ಲ. ಇನ್ನು ಮುಗಿಯುವ ದಿನ: ಸಾವು ಚಾಂದ್ರಮಾನ ತಿಂಗಳ ನಡುವೆ ಆದ್ದರಿಂದ ನೂರ ಮೂವತ್ತು ದಿನ ಎಣಿಸಬೇಕೆಂದು ಫಿಕ್ಹ್ ಕಟ್ಟಿದ ಹಿಂದಿನ ಕಾಲದ ಹಿರಿಯ ಇಮಾಮರ ಮಾತು, ಚಂದ್ರ ನೋಡಿ ತಿಂಗಳು ಎಣಿಸಬಹುದೆಂದು ಅವರ ಶಿಷ್ಯರಿಬ್ಬರ ಮಾತು. ಕೆಲವು ಚಾಂದ್ರಮಾನ ತಿಂಗಳಿಗೆ ಇಪ್ಪತ್ತೊಂಬತ್ತೇ ದಿನ, ಆದ್ದರಿಂದ ಎರಡನೆಯದರಂತೆ ಒಂದು ದಿನ ಮೊದಲೇ ಮುಗಿಯಬಹುದು. ಸರಿಯಾದದ್ದು ಅಲ್ಲಾನಿಗೇ ಗೊತ್ತು.

"ಗುರುಗಳು ಒಂದು ಹೇಳ್ಯಾರ, ಶಿಷ್ಯರು ಒಂದು ಹೇಳ್ಯಾರ. ಶಿಷ್ಯರ ಮ್ಯಾಲ ಕ್ರಮ ಆಗಲಿಲ್ಲೇನ್ರಿ?" ಎಂದು ಕೇಳಿದೆ.

ಅವರು ನಕ್ಕು ನಕ್ಕು ಕೆಮ್ಮಿದರು. "ಇಲ್ಲ. ಇಬ್ಬರದೂ ಬರದಿಟ್ಟುಕೊಂಡೀವಿ."

ಹೊರಡುವಾಗ, "ಮಗನ್ನ ಕಳಕೊಂಡೀರಿ. ನೀವು ಹೆಂಗದೀರಿ?" ಎಂದರು. ನನ್ನ ಮೂರು ದಿನ ಎಂದೋ ಮುಗಿದಿದೆ ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ, ಎದ್ದು ಬಾಗಿಲ ತನಕ ಬಂದು ಕಳಿಸಿದರು.

ಸೆಪ್ಟೆಂಬರ್ ೭, ಭಾನುವಾರ

ಸಭೆ. ಹಾಜರಿದ್ದವರು ಒಂಬತ್ತು ಮಂದಿ.

ಗೌಸ್ ಹಾಜಿ ಗಂಟಲು ಸರಿಮಾಡಿಕೊಂಡರು. "ಊರ ಮಂದಿ ಎದುರಿಗೇ ಆಂಬುಲೆನ್ಸ್ ಹತ್ಯಾಳ. ಐವತ್ತನಾಕು ದಿನ ನೀರಾಗ ಹೋದ್ವು. ಎಣಿಕಿ ಮತ್ತ ಒಂದರಿಂದ ಸುರು ಆಗಬೇಕು. ಮನಿ ಬಿಟ್ಟು ಹೊರಗ ಕಾಲಿಡಬಾರದು."

ನಾನು ಮುಫ್ತಿಯವರ ಕಾಗದ ಓದಿದೆ. ಎಲ್ಲರೂ ಕೇಳಿದರು. ಹಾಜಿ ಒಪ್ಪಲಿಲ್ಲ.

"ಇದು ಒಂದು ಅಭಿಪ್ರಾಯ ಆತು."

"ಹೌದ್ರಿ, ಅಭಿಪ್ರಾಯನ. ಅವ್ರೂ ಹಂಗ ಬರದಾರ. ನೀವು ಹೇಳಿದ್ದು ಯಾರ ಅಭಿಪ್ರಾಯ ರೀ?"

"ಬೋರ್ಡ್ ಮ್ಯಾಲ ನೀವ ಬರದೀರಲ್ಲ!"

ಅಲ್ಲಿಗೆ ಎಲ್ಲರೂ ನನ್ನ ಕಡೆ ನೋಡಿದರು. ಸೇವೆಯಲ್ಲಿ ನನಗೆ ಆರು ಸಲ ಕಾರಣ ಕೇಳಿ ನೋಟಿಸು ಬಂದಿತ್ತು. ಆರೂ ಸಲ ತಪ್ಪು ಟಪಾಲು ವಿಭಾಗದ್ದು ಎಂದು ಉತ್ತರ ಕೊಟ್ಟಿದ್ದೆ.

"ನಾನು ಬರದದ್ದು ತಪ್ಪು," ಎಂದೆ. "ಆಕಿ ಮೊದಲ ವಾರದಾಗ ಕೇಳಿದ್ಲು. ನಾನು ಮುಂದಿನ ಪುಟ ಓದಲಿಲ್ಲ. ನಿಮ್ಮ ಮನಿಗೆ ಹಿತ್ತಲಿಂದ ಕಳಿಸಿದೆ, ಬಡವರ ಮನಿಗೆ ಬಿಡಲಿಲ್ಲ. ಆ ಹುಡುಗಿ ಸತ್ತಿದ್ರ ನಾನ ಕೊಂದಂಗ ಆಗತಿತ್ತು."

ನಂತರ ಅದನ್ನೇ ನಡಾವಳಿಯಲ್ಲಿ ಬರೆಯಲು ಶುರು ಮಾಡಿದೆ. ಹಾಜಿ ಎದ್ದು ಬಂದು ಹೆಗಲ ಮೇಲಿಂದ ನೋಡಿದರು. "ಹಿತ್ತಲ ಬಾಗಲ ಯಾಕ ಬರೀತೀರಿ? ಅದನ್ನ ತಗೀರಿ."

"ಸಭೆಯೊಳಗ ಆಡಿದ ಮಾತು ತಗಿಯಾಕ ಬರಂಗಿಲ್ರಿ. ನಿಯಮ ಐತಿ."

ಮುಂದೆ ನಡೆದದ್ದು: ಎಣಿಕೆ ಮುರಿದಿಲ್ಲ ಎಂದು ಐದು ಮಂದಿ, ಮುರಿದಿದೆ ಎಂದು ಮೂವರು; ನನ್ನ ಮನೆಯ ವಿಷಯವಾದ್ದರಿಂದ ನಾನು ಕೈ ಎತ್ತಲಿಲ್ಲ. ಕಾರ್ಯದರ್ಶಿಯನ್ನು ಬದಲಿಸಬೇಕೆಂದು ಎಂಟು ಮಂದಿ. ಅದಕ್ಕೆ ಒಂಬತ್ತನೆಯವನಾಗಿ ನಾನೂ ಕೈ ಎತ್ತಿ, ಒಮ್ಮತದಿಂದ ಎಂದು ಬರೆದು, ಕಡತದ ಬೀಗದ ಕೈ ಒಪ್ಪಿಸಿದೆ. ಹೊರಗೆ ಬಂದು ಬೋರ್ಡು ಒರೆಸಿದೆ. ಒದ್ದೆ ಅರಿವೆ ಇರಲಿಲ್ಲ, ಟೊಪ್ಪಿಗೆಯಿಂದ ಒರೆಸಿದೆ.

ಮನೆಗೆ ಬಂದಾಗ ಪೀರಾಂಬಿ ಎರಡು ರೊಟ್ಟಿ ಹೆಚ್ಚು ಹಾಕಿದಳು.

ಸೆಪ್ಟೆಂಬರ್ ೧೯, ಶುಕ್ರವಾರ

ಬಾನುಬೀ ಹತ್ತಕ್ಕೆ ಹೋಗುತ್ತಾಳೆ, ಐದಕ್ಕೆ ಬರುತ್ತಾಳೆ. ಪ್ರಭಾರ ಹಸ್ತಾಂತರವಾಯಿತು. ತಕ್ಕಡಿ ಮಾತ್ರ ನಾನೇ ಹೊರುತ್ತೇನೆ, ಅದು ಭಾರ. ಹಂಪವ್ವ ಮೊಮ್ಮಗಳನ್ನು ತೂಗಿಸಲು ತಂದಿದ್ದಳು. "ಸಾಹೇಬ್ರ, ಕಂದಾಯ ಕಟ್ಟೀನಿ ನೋಡ್ರಿ" ಎಂದು ಕೂಸನ್ನು ತಕ್ಕಡಿಯಲ್ಲಿ ಇಟ್ಟಳು. ಎರಡು ಕಿಲೋ ಇನ್ನೂರು.

ಅಕ್ಟೋಬರ್ ೧೪, ಮಂಗಳವಾರ

ವಿಶೇಷವಿಲ್ಲ. ಭತ್ತ ತೆನೆಗೆ ಬಂದಿದೆ.

ಫಾರೂಕ ಇದ್ದಿದ್ದರೆ ಈಗ ಮಿಲ್ಲುಗಳಲ್ಲಿ ಮೋಟರು ನೋಡಲು ಓಡಾಡುತ್ತಿದ್ದ. ಇದನ್ನು ಯಾಕೆ ಬರೆದೆ ಗೊತ್ತಿಲ್ಲ.

ನವೆಂಬರ್ ೯, ಭಾನುವಾರ

ಬಾನುಬೀಯ ಅಣ್ಣ ಕನಕಗಿರಿಯಿಂದ ಫೋನು ಮಾಡಿದ್ದ. ಇದ್ದತ್ತು ಮುಗಿದ ದಿನ ತವರಿನವರು ಹೊಸ ಸೀರೆ ತಂದು ಕರೆದುಕೊಂಡು ಹೋಗುವುದು ಪದ್ಧತಿ. ಯಾವ ದಿನ ಬರಲಿ ಎಂದ. ಹದಿನೆಂಟಕ್ಕೆ ಬಾ ಎಂದೆ. ಎಂಟು ದಿನ ಇದ್ದು ಬರುತ್ತಾಳಂತೆ, ಲಸಿಕೆ ದಿನಕ್ಕೆ ಇಲ್ಲಿರಬೇಕಂತೆ. ಬರುತ್ತಾಳೆ ಎಂದು ವಿರೂಪಾಕ್ಷಮ್ಮನೂ ಹೇಳಿದಳು. ನಾನು ಕೇಳಿರಲಿಲ್ಲ.

ಶಿಷ್ಯರ ಲೆಕ್ಕದಂತೆ ಹದಿನಾರಕ್ಕೇ ಮುಗಿಯುತ್ತದೆ. ಈ ವಿಷಯ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮುಫ್ತಿಯವರ ಕಾಗದ ಟ್ರಂಕಿನಲ್ಲಿದೆ. ಹಿರಿಯ ಇಮಾಮರ ಮಾತೇ ಗಟ್ಟಿ ಎಂದು ತೀರ್ಮಾನಿಸಿದ್ದೇನೆ. ಹಾಗೆ ತೀರ್ಮಾನಿಸಲು ನನಗೆ ಅರ್ಹತೆ ಏನಿದೆ ಎಂದು ಪೀರಾಂಬಿ ಕೇಳಿದರೆ ಉತ್ತರವಿಲ್ಲ. ಸದ್ಯ ಅವಳು ಕೇಳಿಲ್ಲ.

ನವೆಂಬರ್ ೧೬, ಭಾನುವಾರ

ಬೆಳಿಗ್ಗೆಯಿಂದ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಒಬ್ಬಳ ಒಂದು ದಿನವನ್ನು ಟ್ರಂಕಿನಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದೇನೆ ಅನ್ನಿಸಿತು. ಸಂಜೆ ನಾಲ್ಕಕ್ಕೆ ಕಾಗದ ತೆಗೆದುಕೊಂಡು ಬಾನುಬೀಯ ಕೋಣೆಯ ಬಾಗಿಲಿಗೆ ಹೋದೆ. ಅವಳು ರಿಜಿಸ್ಟರಿಗೆ ಹೊಸ ರಟ್ಟು ಹಾಕುತ್ತಿದ್ದಳು.

"ಬಾನುಬೀ, ಇವತ್ತಿಗೆ ಮುಗೀತು ಅಂತನೂ ಒಂದು ಮಾತೈತವ್ವ. ನಾನು ಹೇಳಿರಲಿಲ್ಲ. ನಿಮ್ಮ ಅಣ್ಣಗ ಫೋನ್ ಮಾಡು ಬೇಕಾದ್ರ."

"ಗೊತ್ತೈತ್ರಿ ಮಾವಾರ. ಸಪ್ಟೆಂಬರ್‌ದಾಗ ನಿಮ್ಮ ಅಂಗಿ ಒಗಿಯಾಕ ತಗೊಂಡಾಗ ಕಿಸೇದಾಗ ಕಾಗದ ಇತ್ತು. ಓದೀನಿ."

"ಮತ್ತ ಹೇಳಲಿಲ್ಲಲ್ಲ?"

ಅವಳು ರಟ್ಟಿನ ಅಂಚು ಮಡಚುತ್ತ ಹೇಳಿದಳು. "ನನಗ ಮಂದಿ ನೂರಾ ಮೂವತ್ತು ದಿನ ಕೊಟ್ರು. ಅತ್ತು ಮುಗಿಸೀನಿ. ನಿಮಗ ಮೂರ ದಿನ ಸಿಕ್ಕಿದ್ವು, ಅವೂ ಮಂದಿಗೆ ಚಹಾ ಕೊಡೋದ್ರಾಗ ಹೋದ್ವು. ನಾನು ಈ ಕೋಣ್ಯಾಗ ಕೂತಿರೋ ತನಕ ನಿಮಗ ಆತ ಇನ್ನ ಪೂರಾ ಹೋಗಿಲ್ಲ ಅನ್ನಿಸ್ತೈತಿ, ಅಲ್ರಿ? ಇನ್ನೊಂದು ದಿನ ಇರಲಿ ಅಂತ ಕೂತೆ."

ಅಲ್ಲೇ ಹೊಸ್ತಿಲ ಮೇಲೆ ಕೂತು, ಫಾರೂಕಾ ಫಾರೂಕಾ ಎಂದು ಅತ್ತೆ. ದನಿ ಓಣಿಗೆ ಕೇಳಿಸಿರಬೇಕು. ಪೀರಾಂಬಿ ಅಡುಗೆಮನೆಯಿಂದ ಮಂಡಿ ಹಿಡಿದುಕೊಂಡು ಬಂದಳು. ಅವಧಿ ಮೀರಿದೆ ಎಂದು ಹೇಳಲಿಲ್ಲ. ಗೋಡೆ ಹಿಡಿದು ನಿಧಾನಕ್ಕೆ ಇಳಿದು ನನ್ನ ಪಕ್ಕದಲ್ಲಿ ಕೂತಳು.

ನಾಳೆ ಒಂದು ದಿನ ಇದೆ. ಮೂವರೂ ಕೂಡುತ್ತೇವೆ.